ಗೆರಿಟ್ ಸ್ಮಿತ್‌ನ ಪತ್ರಗಳು ಯಾರ ಮನೆಯಲ್ಲಿ ಉಳಿದವು?

1859ರ ಅಕ್ಟೋಬರ್ 16ರ ರಾತ್ರಿ ಜಾನ್ ಬ್ರೌನ್ ಬೆರಳೆಣಿಕೆಯ ಸಂಗಡಿಗರೊಂದಿಗೆ ವರ್ಜೀನಿಯಾದ ಹಾರ್ಪರ್ಸ್ ಫೆರಿಯಲ್ಲಿದ್ದ ಸರ್ಕಾರಿ ಶಸ್ತ್ರಾಗಾರಕ್ಕೆ ನುಗ್ಗಿದ. ಗುಲಾಮಗಿರಿಯಲ್ಲಿದ್ದವರ ಕೈಗೆ ಆಯುಧ ಕೊಟ್ಟು ಆ ಪದ್ಧತಿಯನ್ನೇ ಬುಡಮೇಲು ಮಾಡುವುದು ಅವನ ಉದ್ದೇಶ. ಎರಡೇ ದಿನದಲ್ಲಿ ದಾಳಿ ಮುರಿದುಬಿತ್ತು, ಬ್ರೌನ್ ಸೆರೆಸಿಕ್ಕಿದ. ಅವನ ತಂಡ ಬಾಡಿಗೆಗೆ ಹಿಡಿದಿದ್ದ ಮೇರಿಲ್ಯಾಂಡ್‌ನ ತೋಟದ ಮನೆಯನ್ನು ಸೈನಿಕರು ಜಾಲಾಡಿದಾಗ ಆಯುಧಗಳ ಜೊತೆ ಪತ್ರಗಳೂ ಸಿಕ್ಕವು. ಅವುಗಳಲ್ಲಿ ಒಂದು, ನ್ಯೂಯಾರ್ಕ್ ರಾಜ್ಯದ ಪೀಟರ್‌ಬರೊ ಎಂಬ ಸಣ್ಣ ಊರಿನಿಂದ ಗೆರಿಟ್ ಸ್ಮಿತ್ ಬರೆದದ್ದು. ಬ್ರೌನ್‌ಗೆ ಹಣ ಕಳುಹಿಸಿದ ಮಾತು ಅದರಲ್ಲಿತ್ತು. ಪತ್ರಿಕೆಗಳು ಅದನ್ನು ಅಚ್ಚು ಹಾಕಿದವು. ದಕ್ಷಿಣದ ರಾಜ್ಯಗಳಲ್ಲಿ ಸ್ಮಿತ್‌ನನ್ನು ಹಿಡಿದು ತನ್ನಿ ಎಂಬ ಕೂಗು ಎದ್ದಿತು.

ಪೀಟರ್‌ಬರೊದ ಮನೆಯಲ್ಲಿ ಬ್ರೌನ್‌ಗೆ ಸಂಬಂಧಿಸಿದ ಕಾಗದಗಳು ನಾಶವಾದವು. ಬೇರೆಯವರ ಬಳಿ ಉಳಿದಿರಬಹುದಾದ ಪತ್ರಗಳನ್ನು ಇಲ್ಲವಾಗಿಸಲು ಸ್ಮಿತ್‌ನ ಅಳಿಯ ಚಾರ್ಲ್ಸ್ ಮಿಲ್ಲರ್ ಬಾಸ್ಟನ್ನಿಗೂ ಒಹಾಯೊಗೂ ಹೋಗಿಬಂದ. ಅಷ್ಟಾದರೂ ಆ ಸಂಚಿನಲ್ಲಿ ಸ್ಮಿತ್‌ನ ಪಾತ್ರ ಎಷ್ಟೆಂಬುದು ಇಂದು ನಮಗೆ ಸಾಕಷ್ಟು ವಿವರವಾಗಿಯೇ ಗೊತ್ತಿದೆ. ಹೇಗೆ ಎಂಬುದನ್ನು ತಿಳಿಯಬೇಕಾದರೆ, ಒಬ್ಬ ಸಾರ್ವಜನಿಕ ವ್ಯಕ್ತಿಯ ‘ಖಾಸಗಿ ಕಾಗದಪತ್ರಗಳು’ ಎಂದು ಪತ್ರಾಗಾರಗಳು ಕರೆಯುವ ರಾಶಿಯಲ್ಲಿ ನಿಜವಾಗಿ ಏನಿರುತ್ತದೆ, ಏನಿರುವುದಿಲ್ಲ ಎಂಬುದನ್ನು ನೋಡಬೇಕು.

ಮೊದಲು ಮನುಷ್ಯನ ಪರಿಚಯ. ಗೆರಿಟ್ ಸ್ಮಿತ್ ಹುಟ್ಟಿದ್ದು 1797ರಲ್ಲಿ, ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ. ಅವನ ಅಪ್ಪ ಪೀಟರ್ ಸ್ಮಿತ್ ತುಪ್ಪಳದ ವ್ಯಾಪಾರದಲ್ಲಿ ಜಾನ್ ಜೇಕಬ್ ಆಸ್ಟರ್‌ನ ಪಾಲುದಾರನಾಗಿದ್ದವನು, ಆಮೇಲೆ ಭೂಮಿಯ ವ್ಯವಹಾರಕ್ಕೆ ಇಳಿದು ಲಕ್ಷಾಂತರ ಎಕರೆ ಕೂಡಿಹಾಕಿದವನು. ಆ ಆಸ್ತಿಯನ್ನೆಲ್ಲ ನೋಡಿಕೊಳ್ಳುವ ಹೊಣೆ ಮಗನ ಪಾಲಿಗೆ ಬಂತು. ಮಗನಿಗೆ ಭೂಮಿಗಿಂತ ಸಮಾಜ ಸುಧಾರಣೆಯೇ ಮುಖ್ಯವಾಯಿತು. ಮದ್ಯಪಾನ ವಿರೋಧ, ಗುಲಾಮಗಿರಿಯ ನಿರ್ಮೂಲನ, ಹೆಂಗಸರ ಹಕ್ಕು, ಹೀಗೆ ಆ ಕಾಲದ ಯಾವ ಚಳವಳಿಯೂ ಅವನ ಹಣ ಮತ್ತು ಮಾತು ಮುಟ್ಟದೆ ಉಳಿಯಲಿಲ್ಲ. 1852ರಲ್ಲಿ ಅಮೆರಿಕದ ಕಾಂಗ್ರೆಸ್‌ಗೆ ಆಯ್ಕೆಯಾದ. ಅವಧಿ ಮುಗಿಯುವ ಮೊದಲೇ, 1854ರಲ್ಲಿ, ರಾಜೀನಾಮೆ ಕೊಟ್ಟು ಊರಿಗೆ ಮರಳಿದ. ಅಧಿಕಾರದ ಕುರ್ಚಿಯಲ್ಲಿ ಕೂತು ಮಾಡಿದ ಕೆಲಸಕ್ಕಿಂತ ಪೀಟರ್‌ಬರೊದ ಮನೆಯಲ್ಲಿ ಕೂತು ಪತ್ರ ಬರೆದು, ಚೆಕ್ಕು ಕಳುಹಿಸಿ ಮಾಡಿದ ಕೆಲಸವೇ ಹೆಚ್ಚು. ಇಂಥವನ ವಿಷಯದಲ್ಲಿ ಸರ್ಕಾರಿ ದಾಖಲೆ ಹೇಳುವುದು ಕಡಿಮೆ. ಅವನ ಬದುಕೆಲ್ಲ ಇರುವುದು ಕಾಗದಪತ್ರಗಳಲ್ಲೇ.

ಈ ರಾಶಿ ಈಗ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿ ಭೂಮಿಯ ಕ್ರಯಪತ್ರಗಳು, ಲೆಕ್ಕದ ಪುಸ್ತಕಗಳು, ಅಚ್ಚಾದ ಕರಪತ್ರಗಳು, ಬಂದ ಪತ್ರಗಳು, ಕಳುಹಿಸಿದ ಪತ್ರಗಳ ನಕಲು ಪುಸ್ತಕಗಳು ಎಲ್ಲವೂ ಇವೆ. ಪತ್ರಾಗಾರದವರು ಇಂಥ ಸಂಗ್ರಹವನ್ನು ಜೋಡಿಸುವಾಗ ಎರಡು ನಿಯಮಗಳನ್ನು ಬಿಡುವುದಿಲ್ಲ. ಒಬ್ಬನ ಕಾಗದಗಳನ್ನು ಇನ್ನೊಬ್ಬನ ಕಾಗದಗಳ ಜೊತೆ ವಿಷಯ ಒಂದೇ ಎಂದು ಬೆರೆಸುವುದಿಲ್ಲ. ಆ ಮನುಷ್ಯ ಅಥವಾ ಅವನ ಗುಮಾಸ್ತರು ಯಾವ ಕ್ರಮದಲ್ಲಿ ಇಟ್ಟಿದ್ದರೋ ಆ ಕ್ರಮವನ್ನು ಕಾರಣವಿಲ್ಲದೆ ಕದಲಿಸುವುದಿಲ್ಲ. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯವಾರು ಇಡುವುದನ್ನು ನೋಡಿದವರಿಗೆ ಇದು ವಿಚಿತ್ರ ಎನಿಸಬಹುದು. ಆದರೆ ಒಂದು ಸಾಲದ ಚೀಟಿಯ ಪಕ್ಕದಲ್ಲಿ ಒಂದು ಬೇಡಿಕೆಯ ಪತ್ರ ಯಾಕೆ ಕೂತಿತ್ತು ಎಂಬುದೇ ಎಷ್ಟೋ ಸಲ ಅರ್ಥದ ಬೀಗದ ಕೈ. ಬಿಡಿಸಿ ಬೇರೆ ಬೇರೆ ಪೆಟ್ಟಿಗೆಗೆ ಹಾಕಿದರೆ ಆ ಅರ್ಥ ಹೋಯಿತು, ಮತ್ತೆ ಕಟ್ಟಲಾಗದು.

ಇನ್ನು ಪತ್ರಗಳ ವಿಚಾರ. ಯಾರದೇ ಕಾಗದಪತ್ರಗಳ ಸಂಗ್ರಹದಲ್ಲಿ ಮುಖ್ಯವಾಗಿ ಇರುವುದು ಬೇರೆಯವರ ದನಿ. ಇದು ಹೊಸ ಓದುಗರು ಮೊದಲಿಗೆ ಎಡವುವ ಜಾಗ. ಪತ್ರ ಬರೆದವನ ಬಳಿ ಉಳಿಯುವುದಿಲ್ಲ, ಪಡೆದವನ ಬಳಿ ಉಳಿಯುತ್ತದೆ. ಸ್ಮಿತ್‌ನ ಪೆಟ್ಟಿಗೆಗಳನ್ನು ತೆರೆದರೆ ಕೇಳಿಬರುವುದು ಅವನಿಗೆ ಬರೆದ ಸಾವಿರಾರು ಜನರ ಮಾತು: ಸಾಲ ಕೇಳುವವರು, ಚಂದಾ ಕೇಳುವವರು, ಜಗಳಕ್ಕೆ ಬಂದವರು, ಧನ್ಯವಾದ ಹೇಳುವವರು. ಸ್ಮಿತ್ ಏನು ಹೇಳಿದ ಎಂದು ತಿಳಿಯಲು ಇನ್ನೊಬ್ಬರ ಮನೆಗೆ ಹೋಗಬೇಕು.

ಇದಕ್ಕೆ ಒಂದು ಅಪವಾದ ನಕಲು ಪುಸ್ತಕ. ವಿಶೇಷ ಶಾಯಿಯಲ್ಲಿ ಪತ್ರ ಬರೆದು, ಒದ್ದೆ ಮಾಡಿದ ತೆಳು ಕಾಗದದ ಪುಸ್ತಕದ ಹಾಳೆಗೆ ಒತ್ತಿಟ್ಟು ಕಬ್ಬಿಣದ ತಿರುಪು ಬಿಗಿದರೆ ಅಕ್ಷರ ಆ ತೆಳು ಹಾಳೆಗೆ ಇಳಿಯುತ್ತಿತ್ತು. ಇಳಿಯುವುದು ತಿರುವುಮುರುವಾಗಿ, ಆದ್ದರಿಂದ ಹಾಳೆಯ ಹಿಂಬದಿಯಿಂದ ಓದಬೇಕು. ಉಗಿಯಂತ್ರದ ಜೇಮ್ಸ್ ವ್ಯಾಟ್ 1780ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಗುಮಾಸ್ತನೇ ಕೂತು ಕೈಯಲ್ಲಿ ನಕಲು ಇಳಿಸುವ ಹಳೆಯ ಪದ್ಧತಿಯೂ ಜೊತೆಗೇ ನಡೆಯುತ್ತಿತ್ತು. ವ್ಯಾಪಾರಿಗಳಿಗೆ, ಜಮೀನುದಾರರಿಗೆ ಇವೆಲ್ಲ ದಿನನಿತ್ಯದ ಕ್ರಮ. ಆದರೆ ನಕಲಿಗೆ ಬೀಳುತ್ತಿದ್ದದ್ದು ನಕಲು ಬೇಕೆಂದು ಅನ್ನಿಸಿದ ಪತ್ರ ಮಾತ್ರ. ಮುಚ್ಚಿಡಬೇಕಾದ ಪತ್ರಕ್ಕೆ ಯಾರೂ ನಕಲು ತೆಗೆಯುವುದಿಲ್ಲ.

ಅಂಚೆಯ ದರವೂ ಈ ರಾಶಿಯ ಸ್ವರೂಪವನ್ನು ಬದಲಿಸಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. 1845ರವರೆಗೆ ಅಮೆರಿಕದ ಅಂಚೆ ದರ ದೂರವನ್ನೂ ಹಾಳೆಗಳ ಎಣಿಕೆಯನ್ನೂ ನೋಡಿ ಬೀಳುತ್ತಿತ್ತು, ಸಾಮಾನ್ಯವಾಗಿ ಹಣ ಕೊಡುತ್ತಿದ್ದವನು ಪತ್ರ ಪಡೆದವನು. ಲಕೋಟೆಯೂ ಒಂದು ಹಾಳೆಯ ಲೆಕ್ಕ. ಹಾಗಾಗಿ ಜನ ಒಂದೇ ಹಾಳೆಯಲ್ಲಿ ಒತ್ತೊತ್ತಾಗಿ ಬರೆದು, ಜಾಗ ಸಾಲದಿದ್ದರೆ ಅದೇ ಹಾಳೆಯನ್ನು ಅಡ್ಡ ತಿರುಗಿಸಿ ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆದು, ಮಡಿಸಿ, ಹೊರಮೈಯಲ್ಲಿ ವಿಳಾಸ ಹಾಕುತ್ತಿದ್ದರು. 1845ರಲ್ಲಿ ದರ ತೂಕದ ಮೇಲೆ ನಿಂತಿತು: ಅರ್ಧ ಔನ್ಸ್ ಪತ್ರಕ್ಕೆ 300 ಮೈಲಿವರೆಗೆ 5 ಸೆಂಟ್, ಅದರಾಚೆ 10 ಸೆಂಟ್. 1847ರಲ್ಲಿ ಅಂಚೆಚೀಟಿ ಬಂತು. 1851ರಲ್ಲಿ ಮುಂಗಡ ಕೊಟ್ಟವರಿಗೆ 3 ಸೆಂಟ್‌ಗೆ ಇಳಿಯಿತು. ಬಡವರೂ ದೂರದ ಶ್ರೀಮಂತನಿಗೆ ಪತ್ರ ಬರೆಯಲು ಇದರಿಂದ ದಾರಿಯಾಯಿತು. ಜೊತೆಗೆ ಒಂದು ನಷ್ಟವೂ ಆಯಿತು. ಲಕೋಟೆಯ ಬಳಕೆ ಹೆಚ್ಚಿತು, ಲಕೋಟೆಯನ್ನು ಎಸೆಯುವ ಅಭ್ಯಾಸವೂ ಬಂತು, ಊರು ಮತ್ತು ತಾರೀಖು ಹೇಳುತ್ತಿದ್ದ ಅಂಚೆ ಮುದ್ರೆ ಅದರ ಜೊತೆಗೇ ಹೋಯಿತು. ಬರೆದವನು ತಾರೀಖು ಹಾಕದೆ ಬಿಟ್ಟಿದ್ದರೆ ಪತ್ರಾಗಾರದವರು ಒಳಗಿನ ಮಾತಿನಿಂದಲೇ ಕಾಲ ಹುಡುಕಬೇಕು.

ಪತ್ರ ಪಡೆದವನ ಬಳಿ ಉಳಿಯುತ್ತದೆ ಎಂಬ ಮಾತು ಫ್ರೆಡರಿಕ್ ಡಗ್ಲಸ್‌ನ ವಿಷಯದಲ್ಲಿ ಎಷ್ಟು ದೊಡ್ಡದು ನೋಡಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಆ ಶತಮಾನದ ಅತಿ ಸಮರ್ಥ ವಾಗ್ಮಿಯಾದ ಡಗ್ಲಸ್ 1847ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಿಂದ ತನ್ನ ಪತ್ರಿಕೆ ಶುರುಮಾಡಿದ. ಕೆಲವೇ ದಿನಗಳಲ್ಲಿ, 8ನೇ ತಾರೀಖು, ಸ್ಮಿತ್ ಅವನಿಗೆ ಸ್ವಾಗತದ ಪತ್ರ ಬರೆದು ಪತ್ರಿಕೆಯ ಚಂದಾ ಎಂದು 5 ಡಾಲರ್‌ಗಳನ್ನೂ 40 ಎಕರೆ ಭೂಮಿಯ ಪತ್ರವನ್ನೂ ಒಳಗಿಟ್ಟು ಕಳುಹಿಸಿದ. ಅಲ್ಲಿಂದ ವರ್ಷಗಟ್ಟಲೆ ಇಬ್ಬರ ನಡುವೆ ಪತ್ರಗಳು ಓಡಾಡಿದವು. ಡಗ್ಲಸ್ ಆಗ ಗುಲಾಮಗಿರಿ ವಿರೋಧಿ ಮುಂದಾಳು ವಿಲಿಯಂ ಲಾಯ್ಡ್ ಗ್ಯಾರಿಸನ್‌ನ ಬಳಗದವನು. ಅಮೆರಿಕದ ಸಂವಿಧಾನವೇ ಗುಲಾಮಗಿರಿಯ ಪರವಾದದ್ದು, ಆದ್ದರಿಂದ ಮತ ಹಾಕುವುದೂ ತಪ್ಪು ಎಂದು ಆ ಬಳಗ ನಂಬಿತ್ತು. ಸಂವಿಧಾನವನ್ನು ಸರಿಯಾಗಿ ಓದಿದರೆ ಅದು ಗುಲಾಮಗಿರಿಗೆ ವಿರುದ್ಧವಾದದ್ದು ಎಂದು ಸ್ಮಿತ್ ವಾದಿಸುತ್ತಿದ್ದ. 1851ರ ಮೇ ತಿಂಗಳಲ್ಲಿ ಡಗ್ಲಸ್ ತನ್ನ ನಿಲುವು ಬದಲಾಗಿದೆಯೆಂದು ಸಭೆಯಲ್ಲಿ ಸಾರಿದಾಗ ಹಳೆಯ ಸ್ನೇಹಿತರಿಗೆ ಆಘಾತವಾಯಿತು. ಆದರೆ ಜನವರಿಯಲ್ಲೇ ಅವನು ಸ್ಮಿತ್‌ಗೆ ಬರೆದಿದ್ದ ಪತ್ರದಲ್ಲಿ ಆ ಬದಲಾವಣೆ ಮೊಳೆತಿತ್ತು. ಗುಲಾಮರ ಒಡೆಯರು ಹೇಳುವ ಅರ್ಥವನ್ನೇ ತಾನೂ ಎತ್ತಿಹಿಡಿದು ವಾದಿಸಿ ಸಾಕಾಗಿದೆ ಎಂಬ ಭಾವ ಅಲ್ಲಿದೆ. ದೊಡ್ಡ ಮನಸ್ಸೊಂದು ತಿರುಗುವ ಗಳಿಗೆಯನ್ನು ಭಾಷಣ ತೋರಿಸಲಾರದು. ಭಾಷಣಕ್ಕೆ ನಿಲ್ಲುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ನನ್ನ ಮಟ್ಟಿಗೆ ಈ ಸಂಗ್ರಹದ ಬೆಲೆ ಗೊತ್ತಾಗಲು ಆ ಒಂದು ಪತ್ರ ಸಾಕು.

ಆ ಪತ್ರ ಉಳಿದದ್ದು ಸ್ಮಿತ್ ಅದನ್ನು ಇಟ್ಟುಕೊಂಡಿದ್ದರಿಂದ. ರಾಚೆಸ್ಟರ್‌ನಲ್ಲಿದ್ದ ಡಗ್ಲಸ್‌ನ ಮನೆಗೆ 1872ರ ಜೂನ್‌ನಲ್ಲಿ ಬೆಂಕಿ ಬಿತ್ತು. ಅವನ ಪತ್ರಿಕೆಯ ಜೋಪಾನ ಮಾಡಿದ್ದ ಸಂಪುಟಗಳು, ಕಾಗದಪತ್ರಗಳು ಸುಟ್ಟುಹೋದವು. ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇಂದಿರುವ ಡಗ್ಲಸ್ ಸಂಗ್ರಹದಲ್ಲಿ ಹೆಚ್ಚಿನ ಪಾಲು ಅವನ ಕೊನೆಯ ದಶಕಗಳದು. ಹರೆಯದ ಡಗ್ಲಸ್‌ನ ಕೈಬರಹ ಬೇಕಾದವರು ಹೋಗಬೇಕಾದದ್ದು ಅವನು ಯಾರಿಗೆ ಬರೆದನೋ ಅವರ ಪೆಟ್ಟಿಗೆಗಳಿಗೆ, ಮುಖ್ಯವಾಗಿ ಸಿರಾಕ್ಯೂಸ್‌ಗೆ.

ಡಾ. ಜೇಮ್ಸ್ ಮೆಕ್‌ಕ್ಯೂನ್ ಸ್ಮಿತ್‌ನದೂ ಇದೇ ಕತೆ. ಕಪ್ಪು ವರ್ಣದವನೆಂದು ಅಮೆರಿಕದ ಕಾಲೇಜುಗಳು ಸೇರಿಸಿಕೊಳ್ಳದಿದ್ದಾಗ ಸ್ಕಾಟ್ಲೆಂಡಿಗೆ ಹೋಗಿ, 1837ರಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು ನ್ಯೂಯಾರ್ಕ್ ನಗರಕ್ಕೆ ಮರಳಿದವನು ಈ ವೈದ್ಯ. ಗೆರಿಟ್ ಸ್ಮಿತ್‌ಗೂ ಅವನಿಗೂ ಹೆಸರಿನ ಹೋಲಿಕೆಯ ಹೊರತು ರಕ್ತಸಂಬಂಧವಿಲ್ಲ. ಇಬ್ಬರನ್ನೂ ಹತ್ತಿರ ತಂದದ್ದು ಭೂಮಿ ಹಂಚಿಕೆ.

ಆ ಹಂಚಿಕೆಯ ಹಿಂದಿನ ಲೆಕ್ಕ ಹೀಗಿತ್ತು. ನ್ಯೂಯಾರ್ಕ್ ರಾಜ್ಯ 1821ರಲ್ಲಿ ಸಂವಿಧಾನ ಬದಲಿಸಿ, ಮತದಾನಕ್ಕೆ ಆಸ್ತಿ ಇರಬೇಕೆಂಬ ಷರತ್ತನ್ನು ಬಿಳಿಯ ಗಂಡಸರಿಗೆ ತೆಗೆಯುವತ್ತ ಸಾಗಿತು. ಕಪ್ಪು ಗಂಡಸರಿಗೆ ಮಾತ್ರ 250 ಡಾಲರ್ ಬೆಲೆಯ ಸ್ಥಿರಾಸ್ತಿ ಬೇಕೆಂಬ ಷರತ್ತು ಉಳಿಯಿತು. 1846ರ ಆಗಸ್ಟ್ 1ರಂದು ಸ್ಮಿತ್ ವೈದ್ಯನಿಗೂ ಥಿಯೊಡೋರ್ ರೈಟ್, ಚಾರ್ಲ್ಸ್ ರೇ ಎಂಬ ಇಬ್ಬರು ಕಪ್ಪು ಪಾದ್ರಿಗಳಿಗೂ ಪತ್ರ ಬರೆದು, ತನ್ನ 1,20,000 ಎಕರೆ ಭೂಮಿಯನ್ನು 3,000 ಕಪ್ಪು ಗಂಡಸರಿಗೆ ತಲಾ 40 ಎಕರೆಯಂತೆ ಕೊಡುತ್ತೇನೆ, ಯಾರಿಗೆಂಬುದನ್ನು ನೀವು ಆರಿಸಿ ಎಂದ. ಭೂಮಿ ಬಂದರೆ ಮತ ಬರುತ್ತದೆ ಎಂಬ ಆಸೆ. ಆದರೆ ಅದರಲ್ಲಿ ಬಹುಪಾಲು ಅಡಿರಾಂಡಾಕ್ ಬೆಟ್ಟಸೀಮೆಯ ಕಾಡು. ಕಡಿದು ಹಸನು ಮಾಡದೆ ಆ 40 ಎಕರೆಗೆ 250 ಡಾಲರ್ ಬೆಲೆ ಬರುವಂತಿರಲಿಲ್ಲ. ಅಲ್ಲಿ ಚಳಿಗಾಲ ಉದ್ದ, ನೆಲ ಬಡ. ಹೋಗಿ ನೆಲೆಸಲು ಕೈಯಲ್ಲಿ ಕಾಸೂ ಬೇಕು. ಭೂಮಿಯ ಪತ್ರ ಪಡೆದವರಲ್ಲಿ ಬಹಳ ಕಡಿಮೆ ಜನ ಹೋದರು. ಹೋದವರ ಒಂದು ನೆಲೆಗೆ ಟಿಂಬಕ್ಟೂ ಎಂಬ ಹೆಸರಿತ್ತು. ನೆಲೆಸಿದವರಿಗೆ ನೆರವಾಗುತ್ತೇನೆಂದು 1848ರ ಏಪ್ರಿಲ್‌ನಲ್ಲಿ ಪೀಟರ್‌ಬರೊಗೆ ಬಂದು ಸ್ಮಿತ್‌ನನ್ನು ಕಂಡು, ಮರುವರ್ಷ ಅದೇ ಬೆಟ್ಟಸೀಮೆಯ ನಾರ್ತ್ ಎಲ್ಬಾಕ್ಕೆ ಸಂಸಾರ ಸಮೇತ ಹೋದವನೇ ಜಾನ್ ಬ್ರೌನ್. ಇವರಿಬ್ಬರ ನಂಟು ಬೆಳೆದದ್ದು ಇಲ್ಲಿಂದ.

ಈ ಕೆಲಸದ ಸುತ್ತ ವೈದ್ಯ ಬರೆದ ಪತ್ರಗಳನ್ನು ಓದಿದರೆ ದಾನ ಕೊಟ್ಟವನಿಗೂ ಪಡೆದವರ ಪ್ರತಿನಿಧಿಗೂ ನಡುವೆ ಇರಬಹುದಾದ ಸಂಕೋಚ ಕಾಣುವುದಿಲ್ಲ. ಸಮಬಲದ ಗೆಳೆಯರಂತೆ ತರ್ಕ ಮಾಡುತ್ತಾನೆ, ತನ್ನ ಜನರ ಬಗ್ಗೆ ಬೇಸರವನ್ನೂ ಭರವಸೆಯನ್ನೂ ಮುಚ್ಚಿಡದೆ ಹೇಳುತ್ತಾನೆ, ಮಗಳನ್ನು ಕಳೆದುಕೊಂಡ ಸಂಕಟವನ್ನೂ ತೋಡಿಕೊಳ್ಳುತ್ತಾನೆ. ಆ ಕಾಲದ ಅಮೆರಿಕದಲ್ಲಿ ಒಬ್ಬ ಕಪ್ಪು ವೈದ್ಯ ಒಬ್ಬ ಬಿಳಿಯ ಜಮೀನುದಾರನಿಗೆ ಹೀಗೆ ಮನಬಿಚ್ಚಿ ಬರೆದದ್ದು ಎಷ್ಟು ಅಪರೂಪ ಎಂಬುದು ಅದೇ ಕಾಲದ ಬೇರೆ ಕಾಗದಗಳನ್ನು ಪಕ್ಕಕ್ಕಿಟ್ಟಾಗ ತಿಳಿಯುತ್ತದೆ.

ಎಲ್ಲ ಪತ್ರಗಳೂ ಖಾಸಗಿ ಎಂದುಕೊಳ್ಳಬಾರದು. ಸ್ಮಿತ್ ಎಷ್ಟೋ ಪತ್ರಗಳನ್ನು ಬರೆದ ಕೂಡಲೇ ಅಚ್ಚು ಹಾಕಿಸಿ ನೂರಾರು ಜನಕ್ಕೆ ಹಂಚುತ್ತಿದ್ದ. 1855ರ ಡಿಸೆಂಬರ್‌ನಲ್ಲಿ ಸಂಬಂಧದಲ್ಲಿ ತಂಗಿಯಾಗಬೇಕಾದ, ಹೆಂಗಸರ ಮತದ ಹಕ್ಕಿಗೆ ಹೋರಾಡುತ್ತಿದ್ದ ಎಲಿಜಬೆತ್ ಕೇಡಿ ಸ್ಟ್ಯಾಂಟನ್‌ಗೆ ಬರೆದದ್ದು ಅಂಥದೊಂದು. ಹೆಂಗಸರು ಕೈಕಾಲು ಕಟ್ಟಿಹಾಕುವ ಉಡುಪನ್ನು ಬಿಡದೆ ಸಮಾನತೆ ಸಿಗದು ಎಂದು ಅವನ ವಾದ. ಅವನ ಮಗಳು ಎಲಿಜಬೆತ್ ಸ್ಮಿತ್ ಮಿಲ್ಲರ್ ಆಗಲೇ ಮೊಣಕಾಲುದ್ದದ ಲಂಗ ಮತ್ತು ಷರಾಯಿ ತೊಟ್ಟು ಹೆಸರಾಗಿದ್ದಳು. ಸ್ಟ್ಯಾಂಟನ್ ಒಪ್ಪಲಿಲ್ಲ. ತಡೆ ಇರುವುದು ಬಟ್ಟೆಯಲ್ಲಲ್ಲ, ಕಾನೂನಿನಲ್ಲಿ ಎಂದು ಆಕೆಯೂ ಅಚ್ಚಿನಲ್ಲೇ ಉತ್ತರ ಕೊಟ್ಟಳು. ಇಂಥ ಪತ್ರದ ತಲೆಯಲ್ಲಿ ಒಬ್ಬರ ಹೆಸರಿದ್ದರೂ ಓದುಗರು ನಾಡಿನವರೆಲ್ಲ. ಅದನ್ನು ಮನೆಯ ಗುಟ್ಟೆಂದು ಓದಿದರೆ ದಾರಿ ತಪ್ಪುತ್ತದೆ.

ಈಗ 1859ಕ್ಕೆ ಬರೋಣ. ಬ್ರೌನ್ ತನ್ನ ಯೋಜನೆಯನ್ನು ಪೀಟರ್‌ಬರೊದಲ್ಲಿ ಬಿಚ್ಚಿಟ್ಟದ್ದು 1858ರ ಫೆಬ್ರವರಿಯಲ್ಲಿ. ಅಲ್ಲಿದ್ದ ಫ್ರಾಂಕ್ಲಿನ್ ಸ್ಯಾನ್‌ಬಾರ್ನ್ ಅದನ್ನು ಬಾಸ್ಟನ್ನಿಗೆ ಒಯ್ದ. ಸ್ಮಿತ್, ಸ್ಯಾನ್‌ಬಾರ್ನ್, ಥಿಯೊಡೋರ್ ಪಾರ್ಕರ್, ಸ್ಯಾಮ್ಯುಯೆಲ್ ಗ್ರಿಡ್ಲಿ ಹೋವ್, ಜಾರ್ಜ್ ಲೂಥರ್ ಸ್ಟರ್ನ್ಸ್, ಥಾಮಸ್ ವೆಂಟ್‌ವರ್ತ್ ಹಿಗ್ಗಿನ್ಸನ್, ಈ ಆರು ಜನ ಗುಟ್ಟಾಗಿ ಹಣ ಒದಗಿಸಿದರು. ದಾಳಿ ಸೋತ ಮೇಲೆ ಎಲ್ಲರಿಗೂ ಕಾಗದಗಳ ಭಯ. ಡಗ್ಲಸ್ ಈ ಆರರಲ್ಲಿ ಇರದಿದ್ದರೂ ಬ್ರೌನ್‌ನ ಕಾಗದಗಳಲ್ಲಿ ಅವನ ಚೀಟಿಯೂ ಸಿಕ್ಕಿತ್ತು. ಎತ್ತರದ ಮೇಜಿನಲ್ಲಿರುವ ಮುಖ್ಯ ಕಾಗದಗಳನ್ನು ಭದ್ರಪಡಿಸು ಎಂದು ಮಗ ಲೂಯಿಸ್‌ಗೆ ತಂತಿ ಮೂಲಕ ಸುದ್ದಿ ಮುಟ್ಟಿಸಿ ಅವನು ಕೆನಡಾಕ್ಕೆ, ಅಲ್ಲಿಂದ ಇಂಗ್ಲೆಂಡಿಗೆ ಹೋದ. ಸ್ಯಾನ್‌ಬಾರ್ನ್, ಹೋವ್, ಸ್ಟರ್ನ್ಸ್ ಕೂಡ ಕೆನಡಾ ಕಂಡರು. ಪಾರ್ಕರ್ ಕ್ಷಯರೋಗದಿಂದ ಇಟಲಿಯಲ್ಲಿದ್ದ. ಸ್ಮಿತ್‌ನ ಮನಸ್ಸು ಕುಸಿಯಿತು. ನವೆಂಬರ್‌ನಲ್ಲಿ ಮನೆಯವರು ಅವನನ್ನು ಯೂಟಿಕಾದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು, ವರ್ಷದ ಕೊನೆಗೆ ಹೊರಬಂದ. ಅದು ನಟನೆ ಎಂದು ಬರೆದ ಪತ್ರಿಕೆಯ ಮೇಲೆ ಮುಂದೆ ಅವನು ಮಾನನಷ್ಟ ದಾವೆ ಹೂಡಿದ. ನಟನೆ ಎಂದು ನನಗೂ ಅನ್ನಿಸುವುದಿಲ್ಲ. ಬ್ರೌನ್‌ನ ಜೊತೆ ಹೋದವರ ಸಾವು, ನೇಣಿಗೆ ಕಾದಿದ್ದ ಬ್ರೌನ್, ತನ್ನ ಮೇಲೆ ಬರಬಹುದಾದ ಮೊಕದ್ದಮೆ ಇಷ್ಟೂ ಒಟ್ಟಿಗೆ ಎರಗಿದಾಗ ಅರವತ್ತು ದಾಟಿದ ಮನುಷ್ಯ ಮುರಿಯುವುದು ಅಸಹಜವಲ್ಲ.

ಹಿಗ್ಗಿನ್ಸನ್ ಎಲ್ಲಿಗೂ ಹೋಗಲಿಲ್ಲ. ಮಾಡಿದ್ದನ್ನು ಅಲ್ಲಗಳೆಯಲೂ ಇಲ್ಲ, ತನ್ನ ಬಳಿಯಿದ್ದ ಪತ್ರಗಳನ್ನು ಸುಡಲೂ ಇಲ್ಲ. ಅವು ಇಂದು ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ಆ ಆರು ಜನ ತಮ್ಮತಮ್ಮಲ್ಲಿ ಏನು ಮಾತಾಡಿದರು, ಯಾರು ಯಾವಾಗ ಹಿಂಜರಿದರು, ಹಣ ಹೇಗೆ ಕೂಡಿತು ಎಂಬ ವಿವರ ಅಲ್ಲಿ ಸಿಗುತ್ತದೆ. ಪೀಟರ್‌ಬರೊದಲ್ಲಿ ನಾಶವಾದ ಮಾತಿನ ಇನ್ನೊಂದು ತುದಿ ಬಾಸ್ಟನ್‌ನಲ್ಲಿ ಉಳಿದಿತ್ತು.

ಸ್ಮಿತ್ ತೀರಿಕೊಂಡದ್ದು 1874ರಲ್ಲಿ. ನಾಲ್ಕು ವರ್ಷದ ಮೇಲೆ ಆಕ್ಟೇವಿಯಸ್ ಬ್ರೂಕ್ಸ್ ಫ್ರೋಥಿಂಗ್‌ಹ್ಯಾಮ್ ಅವನ ಜೀವನಚರಿತ್ರೆ ಬರೆದಾಗ, ಬ್ರೌನ್‌ನ ಯೋಜನೆ ಸ್ಮಿತ್‌ಗೆ ಗೊತ್ತಿತ್ತು ಎಂಬ ಭಾಗಕ್ಕೆ ಕುಟುಂಬ ಒಪ್ಪಲಿಲ್ಲ. ಮುಂದಿನ ಮುದ್ರಣದಲ್ಲಿ ಆ ಭಾಗ ಮೆತ್ತಗಾಯಿತು. ವಾರಸುದಾರರಿಗೂ ಚರಿತ್ರೆಕಾರರಿಗೂ ನಡುವಿನ ಈ ಜಗ್ಗಾಟ ಎಲ್ಲ ಖಾಸಗಿ ಸಂಗ್ರಹಗಳ ಜೊತೆಗೂ ಬರುತ್ತದೆ. ಆದರೆ ಇದೇ ಕುಟುಂಬಕ್ಕೆ ನಾವು ಋಣಿಗಳೂ ಹೌದು. 1928ರಲ್ಲಿ ಮೊಮ್ಮಗ ಗೆರಿಟ್ ಸ್ಮಿತ್ ಮಿಲ್ಲರ್ ಕಾಗದಗಳನ್ನೆಲ್ಲ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ. ಪತ್ರಗಳನ್ನು ಇಲ್ಲವಾಗಿಸಲು ಊರೂರು ಅಲೆದಿದ್ದ ಅಳಿಯ ಚಾರ್ಲ್ಸ್ ಮಿಲ್ಲರ್‌ನ ಮಗನೇ ಇವನು. ಎಂಟು ವರ್ಷದ ಮೇಲೆ, 1936ರಲ್ಲಿ, ಪೀಟರ್‌ಬರೊದ ಆ ದೊಡ್ಡ ಮನೆ ಬೆಂಕಿಗೆ ಆಹುತಿಯಾಯಿತು. ಸ್ಮಿತ್‌ನ ಭೂಮಿ ಕಚೇರಿಯ ಪುಟ್ಟ ಕಟ್ಟಡ ಈಗಲೂ ನಿಂತಿದೆ.

ಈ ಸಂಗ್ರಹ ಎಷ್ಟೇ ದೊಡ್ಡದಿರಲಿ, ಅದರಲ್ಲಿ ಕೇಳಿಸದ ದನಿಗಳಿವೆ. ಪೀಟರ್‌ಬರೊ ಊರು ನಿಂತದ್ದೇ ಓನೈಡಾ ಬುಡಕಟ್ಟಿನ ನೆಲದಲ್ಲಿ. ಅದನ್ನು 1790ರ ದಶಕದಲ್ಲಿ ಅಪ್ಪ ಪೀಟರ್ ಗೇಣಿಗೆ ಪಡೆದು ಆಮೇಲೆ ತನ್ನದಾಗಿಸಿಕೊಂಡ. ಆ ವ್ಯವಹಾರದ ಕಾಗದಗಳು ಪಡೆದವನ ಕಡೆಯವು. ಕೊಟ್ಟವರು ಅದನ್ನು ಹೇಗೆ ಕಂಡರು ಎಂಬುದನ್ನು ಓನೈಡಾ ಜನರ ಬಾಯಿಂದ, ಅವರ ಅರ್ಜಿಗಳಿಂದ ತಿಳಿಯಬೇಕು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಪೀಟರ್‌ಬರೊ ದಾರಿಯಾಗಿ ಕೆನಡಾಕ್ಕೆ ಹೋದ ಜನರಲ್ಲಿ ಹೆಚ್ಚಿನವರಿಗೆ ಅಕ್ಷರ ಕಲಿಯುವ ಅವಕಾಶವೇ ಇರಲಿಲ್ಲ. ತಾನು ತಪ್ಪಿಸಿಕೊಂಡು ಬಂದು ಇತರರನ್ನೂ ಬಿಡಿಸಿ ತರುತ್ತಿದ್ದ, ಈ ಮನೆಗೂ ಬರುತ್ತಿದ್ದ ಹ್ಯಾರಿಯೆಟ್ ಟಬ್‌ಮನ್ ಕೂಡ ತನ್ನ ಪತ್ರಗಳನ್ನು ಹೇಳಿ ಬರೆಸುತ್ತಿದ್ದಳು. ಅಂಥ ಪತ್ರದಲ್ಲಿ ಯಾವ ಮಾತು ಹೇಳಿದವರದು, ಯಾವುದು ಬರೆದವರದು ಎಂದು ಬಿಡಿಸುವುದು ಸುಲಭವಲ್ಲ. ಭೂಮಿ ಪಡೆದ 3,000 ಜನರಲ್ಲಿ ಬಹಳಷ್ಟು ಮಂದಿ ಹಂಚಿಕೆಯ ಪಟ್ಟಿಯಲ್ಲಿ ಬರಿಯ ಹೆಸರು. ಆದರೂ ಜನಗಣತಿ, ಚರ್ಚಿನ ದಾಖಲೆ, ತೆರಿಗೆ ಪಟ್ಟಿಗಳ ಜೊತೆ ಹೊಂದಿಸಿ ನೋಡಿದರೆ ಆ ಹೆಸರಿನ ಹಿಂದಿನ ಕುಟುಂಬಗಳು ಒಂದೊಂದಾಗಿ ಪತ್ತೆಯಾಗುತ್ತವೆ.

ದೂರದಲ್ಲಿ ಕೂತು ಇವನ್ನು ಓದಬೇಕೆನ್ನುವವರಿಗೆ ಈಗ ದಾರಿಗಳಿವೆ. ಸ್ಮಿತ್ ಅಚ್ಚು ಹಾಕಿಸಿದ ಕರಪತ್ರಗಳನ್ನು ಸಿರಾಕ್ಯೂಸ್ ಅಂತರ್ಜಾಲದಲ್ಲಿ ಇಟ್ಟಿದೆ, ಡಗ್ಲಸ್ ಸಂಗ್ರಹವನ್ನು ಲೈಬ್ರರಿ ಆಫ್ ಕಾಂಗ್ರೆಸ್ ಇಟ್ಟಿದೆ. ಬಾಸ್ಟನ್ ಗ್ರಂಥಾಲಯದ ಗುಲಾಮಗಿರಿ ವಿರೋಧಿ ಪತ್ರಗಳಲ್ಲಿ ಸಾವಿರಾರನ್ನು ಸ್ವಯಂಸೇವಕರು ಪರದೆಯ ಮೇಲೆ ನೋಡಿ ಬೆರಳಚ್ಚಿಗೆ ಇಳಿಸಿದ್ದಾರೆ. ಹುಡುಕುವಾಗ ಸ್ಮಿತ್‌ನ ಹೆಸರೊಂದನ್ನೇ ಕೊಟ್ಟು ನಿಲ್ಲಬೇಡಿ. ಡಗ್ಲಸ್, ಸ್ಯಾನ್‌ಬಾರ್ನ್, ಹಿಗ್ಗಿನ್ಸನ್, ಸ್ಟ್ಯಾಂಟನ್ ಹೆಸರಿನ ಪೆಟ್ಟಿಗೆಗಳಲ್ಲಿ, ಪತ್ರ ಪಡೆದವರ ಪಟ್ಟಿಯನ್ನೂ ಬರೆದವರ ಪಟ್ಟಿಯನ್ನೂ ಬೇರೆ ಬೇರೆಯಾಗಿ ನೋಡಿ. ಪೀಟರ್‌ಬರೊ ಎಂಬ ಊರಿನ ಹೆಸರನ್ನು ತಲೆಯಲ್ಲಿ ಹೊತ್ತ ಪತ್ರಗಳು ಸಿಗುವುದು ಅಲ್ಲಿಯೇ.